ನರಪರೀಕ್ಷೆಯ ಯಂತ್ರವಿಲ್ಲದ ಕಡೆ ಎಚ್‌ಐವಿ ರೋಗಿಗಳ ಪಾದದ ನರಹಾನಿಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ವೈದ್ಯೆ):
ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ) ಮಾತ್ರೆ ಪಡೆಯಲು ನಮ್ಮಲ್ಲಿಗೆ ಬರುವವರಲ್ಲಿ ಕೆಲವರು ಅಂಗಾಲು ಉರಿಯುತ್ತದೆ ಎನ್ನುತ್ತಾರೆ. ಒಬ್ಬರಿಗಂತೂ ನಡೆಯುವಾಗ ಚಪ್ಪಲಿ ಜಾರಿ ಹೋದದ್ದೇ ತಿಳಿದಿರಲಿಲ್ಲ. ನರವಹನ ಪರೀಕ್ಷೆಗೆ (ನರದಲ್ಲಿ ಸಂಕೇತ ಹೇಗೆ ಸಾಗುತ್ತದೆಂದು ಯಂತ್ರದಿಂದ ಅಳೆಯುವುದು) ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರೆ ಒಂದು ದಿನದ ಕೂಲಿ ಹೋಗುತ್ತದೆಂದು ಬಹುತೇಕರು ಹೋಗುವುದಿಲ್ಲ. ನಮ್ಮ ಶುಶ್ರೂಷಕಿಯರೇ ಕೆಲವು ನಿಮಿಷಗಳಲ್ಲಿ ಮಾಡಬಹುದಾದ, ನಂಬಬಹುದಾದ ತಪಾಸಣೆ ಇದೆಯೇ?

ಉತ್ತರ 1 (ನರರೋಗ ತಜ್ಞರು):
ಇದೆ. ನೋವು ಅಥವಾ ಉರಿ, ಜೋಮು, ಮರಗಟ್ಟುವಿಕೆ, ಈ ಮೂರನ್ನು ಎರಡೂ ಪಾದಗಳ ಬಗ್ಗೆ ಕೇಳಿ, ತೀವ್ರತೆಗೆ ಸೊನ್ನೆಯಿಂದ 10ರವರೆಗೆ ಅಂಕ ಕೊಡಿಸಿ. ಬಳಿಕ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು (ಮಿಡಿದರೆ ಕಂಪಿಸುವ ಲೋಹದ ಕವಲುಕಡ್ಡಿ) ಜೋರಾಗಿ ಮಿಡಿದು, ಹೆಬ್ಬೆರಳಿನ ಉಗುರಿನ ಹಿಂದಿರುವ ಗಂಟಿನ ಮೂಳೆಯ ಮೇಲಿಟ್ಟು, ಕಂಪನ ನಿಂತಿತೆಂದು ರೋಗಿ ಹೇಳುವವರೆಗೆ ಸೆಕೆಂಡು ಎಣಿಸಿ. 10 ಸೆಕೆಂಡಿಗೂ ಮೊದಲೇ ನಿಂತರೆ ಅನುಮಾನಿಸಬೇಕು. ಹಿಮ್ಮಡಿಯ ಪ್ರತಿವರ್ತನೆ (ಹಿಮ್ಮಡಿಯ ಮೇಲಿನ ಸ್ನಾಯುರಜ್ಜನ್ನು ತಟ್ಟಿದಾಗ ಪಾದ ತಾನಾಗಿ ಮಿಡಿಯುವುದು) ಮಂಡಿಯದಕ್ಕಿಂತ ಕುಗ್ಗಿದೆಯೇ ಎಂಬುದನ್ನೂ ನೋಡಿ. ಒಂದು ಲಕ್ಷಣದ ಜೊತೆಗೆ ಎರಡೂ ಕಾಲುಗಳಲ್ಲಿ ಇಂಥ ಒಂದು ಚಿಹ್ನೆ ಕಂಡರೆ ನರಹಾನಿ ಇದೆಯೆಂದು ಭಾವಿಸಿ ಮುಂದುವರಿಯಬಹುದು.

ಆದರೆ ಫೋರ್ಕ್ ಹೇಳುವುದು ದಪ್ಪ ನರತಂತುಗಳ ಸ್ಥಿತಿಯನ್ನು ಮಾತ್ರ. ಉರಿಯನ್ನು ಹುಟ್ಟಿಸುವ ಸೂಕ್ಷ್ಮ ತಂತುಗಳು ಹಾಳಾದಾಗ ಕಂಪನದ ಅರಿವು ಚೆನ್ನಾಗಿಯೇ ಇರಬಹುದು. ನೀವು ಜಿಲ್ಲೆಗೆ ಕಳುಹಿಸುವ ಆ ನರವಹನ ಪರೀಕ್ಷೆಯೂ ಅವನ್ನು ಹಿಡಿಯುವುದಿಲ್ಲ. ಆದ್ದರಿಂದ ರೋಗಿಯ ಮಾತನ್ನು ಫೋರ್ಕಿಗಿಂತ ಕಡಿಮೆಯೆಂದು ಎಣಿಸಬೇಡಿ. ಚುಚ್ಚಿನ ಅರಿವನ್ನು ಪರೀಕ್ಷಿಸಲು ಹಲ್ಲುಕಡ್ಡಿ ಸಾಕು, ಒಬ್ಬರಿಗೆ ಬಳಸಿದ್ದನ್ನು ಎಸೆದುಬಿಡಿ.

ಉತ್ತರ 2 (ಎಆರ್‌ಟಿ ಕೇಂದ್ರದ ವೈದ್ಯಾಧಿಕಾರಿ):
ಔಷಧಿಯ ಹಳೆಯ ದಾಖಲೆಯನ್ನೂ ತೆರೆಯಿರಿ. 2004ರಲ್ಲಿ ಉಚಿತ ಚಿಕಿತ್ಸೆ ಆರಂಭವಾದ ಮೇಲಿನ ವರ್ಷಗಳಲ್ಲಿ ಅನೇಕರಿಗೆ ಸ್ಟ್ಯಾವುಡಿನ್ ಎಂಬ ಎಚ್‌ಐವಿ ಔಷಧಿ ಕೊಡಲಾಗುತ್ತಿತ್ತು. ನರಹಾನಿಯೂ ಸೇರಿದಂತೆ ಅದರ ಅಡ್ಡಪರಿಣಾಮಗಳಿಂದಾಗಿಯೇ ಅದನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿತು. ಮಾತ್ರೆ ಬದಲಾಗಿ ವರ್ಷಗಳೇ ಕಳೆದರೂ ಮರಗಟ್ಟುವಿಕೆ ಉಳಿದವರಿದ್ದಾರೆ. ಕ್ಷಯಕ್ಕಾಗಿ ಐಸೋನಿಯಜಿಡ್ ಸೇವಿಸುತ್ತಿರುವವರಿಗೆ ಆ ಔಷಧಿಯಿಂದ ನರಹಾನಿಯಾಗದಂತೆ ಕಾಯುವ ಪಿರಿಡಾಕ್ಸಿನ್ (ಬಿ6 ವಿಟಮಿನ್) ಸಿಗುತ್ತಿದೆಯೇ ನೋಡಿ. ಮಧುಮೇಹ, ಮದ್ಯಪಾನ, ಬಿ12 ಕೊರತೆಗಳನ್ನೂ ವಿಚಾರಿಸಬೇಕು. ಅರಿವಿಲ್ಲದಿರುವುದು ಒಂದೇ ಕಾಲಿನಲ್ಲಿದ್ದರೆ, ಚರ್ಮದ ಮೇಲೆ ಮಚ್ಚೆಯಿದ್ದರೆ ಅಥವಾ ನರ ದಪ್ಪವಾಗಿ ಕೈಗೆ ಸಿಕ್ಕರೆ ಎಲ್ಲವನ್ನೂ ಎಚ್‌ಐವಿಯ ತಲೆಗೆ ಕಟ್ಟದೆ ಕುಷ್ಠರೋಗಕ್ಕೆ ತಪಾಸಣೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಮ್ಮ ಕಿವಿ ವಿಭಾಗದಲ್ಲಿ 512 ಹರ್ಟ್ಸ್‌ನ ಫೋರ್ಕ್ ಇದೆ. ಸದ್ಯಕ್ಕೆ ಅದನ್ನೇ ಬಳಸಬಹುದೇ?

ಉತ್ತರ 1:
ಬೇಡ. ಅದು ಶ್ರವಣ ಪರೀಕ್ಷೆಗೆ ಸರಿ. ಪಾದದ ಕಂಪನ ಪರೀಕ್ಷೆಯ 10 ಸೆಕೆಂಡಿನ ಅಳತೆ ಅದಕ್ಕೆ ಹೊಂದುವುದಿಲ್ಲ. 128ರದನ್ನು ತರಿಸುವವರೆಗೆ ಪ್ರಶ್ನೆಗಳನ್ನೂ ಹಿಮ್ಮಡಿಯ ಪ್ರತಿವರ್ತನೆಯನ್ನೂ ಆರಂಭಿಸಿಬಿಡಿ.