ಲಾಟ್ವಿಯನ್ ‘ದ್ಜೀವ್ಸ್’ ಮತ್ತು ನಮ್ಮ ‘ಜೀವ’ ಒಂದೇನಾ?

ಸಪ್ತಾಪುರದವಳು, ಧಾರವಾಡ
ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅಕ್ಕನ ಮಗಳು ಲಾಟ್ವಿಯಾ ದೇಶದ ರಿಗಾದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ರೋಗಿಗಳ ಜೊತೆ ಮಾತಾಡಬೇಕಲ್ವಾ, ಅದಕ್ಕೆ ಲಾಟ್ವಿಯನ್ ಕಲಿಯುತ್ತಿದ್ದಾಳೆ. "ಮಾವಶಿ, ಇಲ್ಲಿ ಬದುಕಿರೋನಿಗೆ ದ್ಜೀವ್ಸ್ ಅಂತಾರ, ನಮ್ಮ ಜೀವ ಇದ್ದಂಗೈತಿ" ಅಂದಳು. ಎರಡಕ್ಕೂ ನಿಜವಾಗಿ ಸಂಬಂಧ ಇದೆಯಾ, ಸುಮ್ನೆ ದನಿ ಕೂಡಿದೆಯಾ? ಅದು ಗುಣವಾಚಕವಂತೆ. ನಮ್ಮಲ್ಲಿ ಜೀವ ನಾಮಪದ ಅಲ್ವಾ?

ಗದಗ ಮಾಸ್ತರ
ಸಂಬಂಧ ಇದೆ ಅಕ್ಕಾರ, ಬೇರು ಒಂದೇ. ಸಂಸ್ಕೃತದ ಜೀವ, ಲಾಟ್ವಿಯನ್ ದ್ಜೀವ್ಸ್, ಲ್ಯಾಟಿನ್ ವೀವುಸ್, ರಷ್ಯನ್ ಝಿವೋಯ್ ಎಲ್ಲ ಒಂದೇ ಮನೆತನದವು. ಪಕ್ಕದ ಲಿಥುವೇನಿಯನ್ನಲ್ಲಿ ಇದೇ ಪದ ‘ಗೀವಾಸ್’, ಅಲ್ಲಿ ಹಳೆಯ ಗಕಾರ ಇನ್ನೂ ಉಳಿದಿದೆ ನೋಡಿ. ಮುಂದೆ ಇ, ಈ ಬಂದಾಗ ಆ ಗಕಾರ ಲಾಟ್ವಿಯನ್ನಲ್ಲಿ ದ್ಜ ಆಯಿತು, ಸಂಸ್ಕೃತದಲ್ಲಿ ಜ ಆಯಿತು, ಎರಡೂ ಕಡೆ ತಂತಮ್ಮ ಪಾಡಿಗೆ. ಉಚ್ಚಾರ ನಿಮಗೆ ಕಷ್ಟ ಆಗಲ್ಲ, ಮರಾಠಿಯವರು ‘ಜಾಸ್ತ್’ ಅನ್ನುವಾಗ ಬರುವ ಜ ಅದು.

ಇನ್ನು ಗುಣವಾಚಕದ ಮಾತು. ವೇದದ ಸಂಸ್ಕೃತದಲ್ಲಿ ಜೀವ ಅಂದರೆ ‘ಬದುಕಿರುವ’ ಅಂತಲೂ ಅರ್ಥ ಇತ್ತು. ನಾವು ಅದನ್ನು ನಾಮಪದವಾಗಿ ಬಳಸಿಕೊಂಡೆವು, ಗುಣ ಹೇಳಬೇಕಾದರೆ ‘ಜೀವಂತ’ ಅಂತೀವಿ. ಲಾಟ್ವಿಯನ್ನಲ್ಲಿ ಹಳೆಯ ಬಳಕೆ ಹಾಗೇ ನಿಂತಿದೆ. ಗಂಡಿಗೆ ದ್ಜೀವ್ಸ್, ಹೆಣ್ಣಿಗೆ ದ್ಜೀವ.

ಉಣಕಲ್ ಹುಡುಗ, ಹುಬ್ಬಳ್ಳಿ
ಹಾಗಾದ್ರೆ ಲಾಟ್ವಿಯನ್ ಹುಟ್ಟಿದ್ದು ಸಂಸ್ಕೃತದಿಂದ ಅಂತಾಯ್ತಲ್ಲ ಸರ್? ಕನ್ನಡಕ್ಕೂ ನೆಂಟ ಆಯ್ತು.

ಗದಗ ಮಾಸ್ತರ
ಇಲ್ಲ ತಮ್ಮಾ, ಇದನ್ನು ಎಲ್ಲರೂ ಹೀಗೇ ಹಂಚಿಕೊಳ್ಳುತ್ತಾರೆ, ನನಗೆ ಬೇಜಾರಾಗುತ್ತದೆ. ಸಂಸ್ಕೃತವೇ ತಾಯಿ ಆಗಿದ್ದರೆ ಲಿಥುವೇನಿಯನ್ನಿಗೆ ಆ ಗ ಎಲ್ಲಿಂದ ಬರಬೇಕಿತ್ತು? ಲಾಟ್ವಿಯನ್, ಸಂಸ್ಕೃತ ಎರಡೂ ಅವಕ್ಕಿಂತ ಹಳೆಯದೊಂದು ನುಡಿಯಿಂದ ಕವಲೊಡೆದವು. ಕನ್ನಡದ ಮನೆತನವೇ ಬೇರೆ. ದಕ್ಷಿಣದ ನುಡಿಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಅಂತ ಮದ್ರಾಸಿನಲ್ಲಿದ್ದ ಇಂಗ್ಲಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ಬರೆದಿದ್ದರು, 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದನ್ನು ಇಡೀ ಪುಸ್ತಕದಲ್ಲಿ ವಿವರಿಸಿದರು. ಬಾಳು, ಬದುಕು, ಉಸಿರು ನಮ್ಮವೇ. ಜೀವ ನಾವು ಸಂಸ್ಕೃತದಿಂದ ತಗೊಂಡದ್ದು. ತಗೊಂಡ ಮೇಲೆ ಎಷ್ಟು ನಮ್ಮದಾಯಿತು ಅಂದರೆ, ಮಕ್ಕಳು ಗದ್ದಲ ಹಾಕಿದರೆ "ಜೀವಾ ತಿನಬ್ಯಾಡ್ರಲೇ" ಅಂತ ಬೈಯದ ಮನೆ ನಮ್ಮ ಕಡೆ ಸಿಗುತ್ತಾ?

ಹಾವೇರಿ ಟು ರಿಗಾ
ನಾನು ಇಲ್ಲೇ ಕೆಲಸ ಮಾಡ್ತೀನಿ, ಬಳಕೆ ಬಗ್ಗೆ ಹೇಳ್ತೀನಿ. ಈ ಪದ ದಿನಾ ಕಿವಿಗೆ ಬೀಳುತ್ತೆ. ಹಾಡುಗಾರರು ಎದುರಿಗೇ ಕೂತು ಹಾಡಿದರೆ ‘ದ್ಜೀವಾ ಮೂಝಿಕಾ’. ಪಾದರಸಕ್ಕೆ ‘ದ್ಜೀವ್‌ಸುದ್ರಬ್ಸ್’, ಅಂದರೆ ಜೀವ ಇರುವ ಬೆಳ್ಳಿ. ಗಿಡ ನೆಟ್ಟು ಬೆಳೆಸಿದ ಬೇಲಿಗೆ ‘ದ್ಜೀವ್‌ಝೊಗ್ಸ್’, ನಮ್ಮ ಕೃಷಿ ಇಲಾಖೆಯವರು ಜೀವಂತ ಬೇಲಿ ಅಂತಾರಲ್ಲ, ಅದೇ. ನನಗೆ ಬಹಳ ಹಿಡಿಸಿದ್ದು ‘ದ್ಜೀವಾ ರಿಂದಾ’, ಜೀವಂತ ಸಾಲು. ಮೊದಲೇ ಅಪಾಯಿಂಟ್‌ಮೆಂಟ್ ತಗೊಳ್ಳದೆ ಬಂದವರು ಬಂದ ಹಾಗೆ ಪಾಳಿ ನಿಲ್ಲುವುದು. ಕಚೇರಿ ಬಾಗಿಲಲ್ಲಿ ಈ ಮಾತು ಕಂಡರೆ ಚೀಟಿ ಕೇಳಬೇಡಿ, ಕೊನೆಯವರ ಹಿಂದೆ ನಿಲ್ಲಿ.

ಅಕ್ಕಾ, ನಿಮ್ಮ ಹುಡುಗಿಗೆ ಒಂದು ಮಾತು ಹೇಳಿ. ದ್ಜೀವ್ಸ್ ಅಂದರೆ ಬದುಕಿದ್ದಾನೆ ಅಂತ ಅಷ್ಟೇ. ಆರೋಗ್ಯವಾಗಿದ್ದಾನೆ ಅನ್ನಲು ‘ವೆಸೆಲ್ಸ್’ ಬೇಕು, ಹೆಣ್ಣಾದರೆ ‘ವೆಸೆಲ’. ವಾರ್ಡಿನಲ್ಲಿ ಎರಡೂ ಬೇಕಾಗುತ್ತವೆ, ಒಟ್ಟಿಗೇ ಕಲಿಯಲಿ.