ಅಪ್‌ಡೇಟ್: ನಾಯಿ ಕರುಳಿನ ಐಎಲ್-10 ಕೊನೆಗೂ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆನಲ್ಲ, ನಾಯಿ ಕರುಳಿನ ಬಯಾಪ್ಸಿಯಲ್ಲಿ ಉರಿಯೂತ ತಗ್ಗಿಸುವ ಐಎಲ್-10, ಉರಿಯೂತ ಹೆಚ್ಚಿಸುವ ಟಿಎನ್‌ಎಫ್-ಆಲ್ಫಾ ಜೀನ್‌ಗಳ ಆರ್‌ಎನ್‌ಎ ಅಳೆಯಲು ಹೋದರೆ ಕ್ಯೂಪಿಸಿಆರ್‌ನಲ್ಲಿ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎಯನ್ನು ಸುತ್ತು ಸುತ್ತಾಗಿ ಹೆಚ್ಚಿಸಿ ಅಳೆಯುವ ವಿಧಾನ) ಸಿಟಿ (ಸಿಗ್ನಲ್ ಕಾಣಲು ಬೇಕಾದ ಸುತ್ತುಗಳು, ಹೆಚ್ಚಾದಷ್ಟೂ ಆರ್‌ಎನ್‌ಎ ಕಡಿಮೆ) 36ರ ಹತ್ತಿರವೇ ನಿಲ್ಲುತ್ತದೆ, ಯಾಕೆ ಅಂತ?

ನೀವು ಹೇಳಿದಂತೆ ಮೊದಲು ಆರ್‌ಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿದೆ. ಆರ್‌ಎನ್‌ಎ ಕೆಡದಿದ್ದರೆ ಕಾಣಬೇಕಾದ 28ಎಸ್, 18ಎಸ್ ಗೆರೆಗಳೇ ಇಲ್ಲ, ಬರೀ ಮಸಿ ಒರೆಸಿದ ಹಾಗೆ. ಸುಮ್ನೆ ಪ್ರೈಮರ್ (ಬೇಕಾದ ಜೀನ್ ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ಮೇಲೆ ಅನುಮಾನ ಪಟ್ಟಿದ್ದೆ, ತಪ್ಪು ನನ್ನದೇ. ಎಂಡೋಸ್ಕೋಪಿಯಲ್ಲಿ ತೆಗೆದ ತುಂಡನ್ನು ಸಲೈನ್‌ಗೆ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಸ್ಕೂಟರ್‌ನಲ್ಲಿ ಲ್ಯಾಬಿಗೆ ತರುತ್ತಿದ್ದೆ. ಹೆಬ್ಬಾಳ ಫ್ಲೈಓವರ್ ಟ್ರಾಫಿಕ್ ಗೊತ್ತಲ್ಲ! ಅಷ್ಟರಲ್ಲಿ ಆರ್‌ಎನ್‌ಎ ಕತ್ತರಿಸುವ ಕರುಳಿನ ಕಿಣ್ವ ಆರ್‌ಎನ್‌ಏಸ್ ತನ್ನ ಕೆಲಸ ಮುಗಿಸಿರುತ್ತಿತ್ತು.

ಈಗ ಕ್ಲಿನಿಕ್‌ನಲ್ಲೇ ತುಂಡು ಆರ್‌ಎನ್‌ಎಲೇಟರ್‌ಗೆ (ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣ) ಬೀಳುತ್ತದೆ. ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆದ ಮೇಲೇ ಮೈನಸ್ 80ಕ್ಕೆ. ಎರಡೂ ಗೆರೆ ಚೊಕ್ಕವಾಗಿ ಕಾಣುತ್ತಿವೆ, ಐಎಲ್-10 ಸಿಟಿ 29ಕ್ಕೆ ಇಳಿದಿದೆ.

ಇನ್ನೊಂದು ಎಡವಟ್ಟು. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್‌ನಲ್ಲೂ ಟಿಎನ್‌ಎಫ್ ಸಿಗ್ನಲ್ ಏರುತ್ತಿತ್ತು! ಅಂದರೆ ಜೀನೋಮಿಕ್ ಡಿಎನ್‌ಎ (ಜೀವಕೋಶದ ಮೂಲ ಡಿಎನ್‌ಎ) ಸೇರಿಕೊಂಡಿತ್ತು. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿದ ಮೇಲೆ ಹೋಯಿತು.

ಹೋಲಿಕೆಯ ಅಳತೆಗೋಲಾಗಿ ಜಿಎಪಿಡಿಎಚ್ ಜೀನ್ ಒಂದನ್ನೇ ನಂಬಬೇಡ ಅಂದವರೂ ಸರಿ, ಉರಿಯೂತ ಇರುವ ಕರುಳಿನಲ್ಲಿ ಅದೂ ಏರುಪೇರಾಗಬಹುದು. ಹೋಲಿಕೆಗೆ ಎಸ್‌ಡಿಎಚ್‌ಎ, ಆರ್‌ಪಿಎಸ್5 ಜೀನ್‌ಗಳ ಪ್ರೈಮರ್ ಆರ್ಡರ್ ಮಾಡಿದ್ದೇನೆ. ಗುರುವಾರ ಬರುತ್ತವಂತೆ.