ಲೆನ್ಸ್ ಮೇಲೆ ಬರೆದಿರುವುದು ಅರ್ಥವಾಗದಿದ್ದರೆ ಇಲ್ಲಿ ಕೇಳಿ

ಸುಧೀರ್ (ಲೆನ್ಸ್ ರಿಪೇರಿ): ಇವತ್ತು ಸಂಜೆ ಬಿಡುವಿದೆ. ಲೆನ್ಸ್ ಮೇಲಿನ ಅಂಕಿ, ಅಕ್ಷರದ ಬಗ್ಗೆ ಮಾತ್ರ ಕೇಳಿ. ಯಾವುದು ಕೊಳ್ಳಲಿ ಅಂತ ಬೇಡ.

ರಶ್ಮಿ: ಸರ್, ಕ್ಯಾಮೆರಾ ಜೊತೆ ಬಂದ ಲೆನ್ಸ್. 18-55ಎಂಎಂ, 1:3.5-5.6, ವಿಆರ್ ಅಂತ ಇದೆ. ಆಮೇಲೆ ಸೊನ್ನೆಗೆ ಅಡ್ಡಗೀಟು ಹಾಕಿದ ಗುರುತು, ಪಕ್ಕದಲ್ಲಿ ಮತ್ತೆ 55. ಎರಡೆರಡು ಸಲ ಯಾಕೆ?

ಸುಧೀರ್: ಮೊದಲನೆಯದು ಫೋಕಲ್ ಲೆಂತ್, ಅಂದ್ರೆ ಎಷ್ಟು ಹತ್ತಿರ ತಂದು ತೋರಿಸುತ್ತದೆ ಅನ್ನುವ ಅಳತೆ. ಗೀಟಿನ ಪಕ್ಕದ್ದು ಮುಂದೆ ಫಿಲ್ಟರ್ ಕೂರಿಸುವ ಥ್ರೆಡ್‌ನ ಅಗಲ. ಎರಡೂ 55 ಆಗಿರುವುದು ಬರೀ ಕಾಕತಾಳೀಯ. 1:3.5-5.6 ಅಂದ್ರೆ 18ರಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) 3.5ರ ತನಕ ತೆರೆಯುತ್ತದೆ, 55ಕ್ಕೆ ಹೋದರೆ 5.6ಕ್ಕೇ ನಿಲ್ಲುತ್ತದೆ; ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು. ಮನೆಯೊಳಗೆ ಜೂಮ್ ಮಾಡಿದರೆ ಫೋಟೋ ಮಸುಕಾಗುತ್ತದಲ್ವಾ, ಬೆಳಕು ಸಾಲದೆ ಶಟರ್ ನಿಧಾನವಾಗುವುದೇ ಕಾರಣ. ವಿಆರ್ ಅನ್ನುವುದು ನಿಕಾನ್ ಇಟ್ಟ ಹೆಸರು, ನಿಮ್ಮ ಕೈನಡುಕ ಫೋಟೋದಲ್ಲಿ ಕಾಣದಂತೆ ತಡೆಯುವುದಕ್ಕೆ. ಓಡುವ ಮಗುವಿಗೆ ಅದು ಏನೂ ಮಾಡದು. ಕ್ಯಾನನ್ ಇದನ್ನೇ ಐಎಸ್ ಅನ್ನುತ್ತದೆ, ಟ್ಯಾಮ್ರಾನ್ ವಿಸಿ, ಸಿಗ್ಮಾ ಓಎಸ್.

ಪ್ರಿಯಾ: ಸರ್, ನನ್ನ ಲೆನ್ಸಲ್ಲಿ ಹೂವಿನ ಚಿತ್ರದ ಪಕ್ಕ 0.25ಮೀ ಅಂತ ಇದೆ, ಆದ್ರೆ ಅಷ್ಟು ದೂರದಿಂದಲೂ ಫೋಕಸ್ ಆಗ್ತಿಲ್ಲ. ಕೆಟ್ಟಿದೆಯಾ?

ಚೇತನ್: ಅಣ್ಣಾ, ಹಳೇ ಲೆನ್ಸ್ ಒಂದು ಸಿಕ್ತು. ನಿಕ್ಕೋರ್-ಎಸ್ ಆಟೋ, 1:1.4, 50ಎಂಎಂ. ಆಟೋ ಅಂತ ಇದೆ, ಆಟೋಫೋಕಸ್ ಇರುತ್ತೆ ಅಲ್ವಾ? ನನ್ನ ಕ್ಯಾಮೆರಾ ನಿಕಾನ್ ಡಿ7200. ಹಾಕೋಕೆ ಹೋದೆ, ಸ್ವಲ್ಪ ತಿರುಗಿ ಬಿಗಿಯಾಯ್ತು. ಇನ್ನೊಂಚೂರು ಒತ್ತಿದ್ರೆ ಕೂರುತ್ತೆ ಅನ್ಸುತ್ತೆ.

ಸುಧೀರ್: ಒತ್ತಬೇಡಿ! ತೆಗೆದು ಪಕ್ಕಕ್ಕಿಡಿ, ಆಮೇಲೆ ಓದಿ.

ಅದರಲ್ಲಿ ಆಟೋ ಅಂದ್ರೆ ಆಟೋಫೋಕಸ್ ಅಲ್ಲ. ಕ್ಲಿಕ್ ಮಾಡುವ ಹೊತ್ತಿಗೆ ಅಪರ್ಚರ್ ತಾನೇ ಮುಚ್ಚಿಕೊಂಡು ಮತ್ತೆ ತೆರೆಯುತ್ತದೆ ಅಂತ ಅಷ್ಟೇ, ಆ ಕಾಲಕ್ಕೆ ಅದೇ ದೊಡ್ಡ ವಿಷಯ. ಎಸ್ ಅಕ್ಷರ ಒಳಗಿರುವ ಗಾಜುಗಳ ಲೆಕ್ಕ: ಎಸ್ ಅಂದ್ರೆ 7, ಎಚ್ ಆಗಿದ್ದರೆ 6, ಪಿ ಆಗಿದ್ದರೆ 5. ಈಗಿನ ಆಟೋಫೋಕಸ್ ಲೆನ್ಸ್ ಮೇಲಿರುವ ಎಎಫ್-ಎಸ್‌ಗೂ ಇದಕ್ಕೂ ಸಂಬಂಧ ಇಲ್ಲ.

ನನಗೆ ಭಯ ಬೇರೆಯದು. 1977ರಲ್ಲಿ ನಿಕಾನ್ ಲೆನ್ಸಿನ ಅಪರ್ಚರ್ ಅಂಕಿಯನ್ನು ಬಾಡಿಗೆ (ಕ್ಯಾಮೆರಾಕ್ಕೆ) ತಿಳಿಸುವ ಎಐ ಅನ್ನುವ ಜೋಡಣೆ ತಂದಿತು. ಅದಕ್ಕಿಂತ ಹಳೆಯ ಲೆನ್ಸಿನ ಅಪರ್ಚರ್ ರಿಂಗ್ ಹಿಂದಕ್ಕೆ ಜಾಸ್ತಿ ಚಾಚಿರುತ್ತದೆ, ನಿಮ್ಮ ಬಾಡಿಯಲ್ಲಿ ಲೆನ್ಸ್ ಕೂರುವ ಜಾಗದ, ಅಂದ್ರೆ ಮೌಂಟ್‌ನ ಸುತ್ತ ಇರುವ ಪುಟ್ಟ ಲಿವರ್‌ಗೆ ತಾಗುತ್ತದೆ. ಆ ಬಿಗಿ ಅದೇ ಇರಬಹುದು. ಮುರಿದರೆ ಬಾಡಿ ಬಿಚ್ಚಬೇಕು. ಕೆಲವು ಹಳೆಯವನ್ನು ಆಮೇಲೆ ಎಐಗೆ ಬದಲಾಯಿಸಿದ್ದೂ ಇದೆ, ಹಾಗಾಗಿ ಹೆಸರು ನೋಡಿ ತೀರ್ಮಾನ ಬೇಡ. ಅಪರ್ಚರ್ ರಿಂಗಿನ ಅಂಕಿ ಒಂದೇ ಸಾಲಾ, ಮೌಂಟ್ ಅಂಚಿನಲ್ಲಿ ಇನ್ನೊಂದು ಸಣ್ಣ ಸಾಲೂ ಇದೆಯಾ? ಎರಡು ಕಿವಿ ಥರದ ಲೋಹದ ತುಂಡಿನಲ್ಲಿ ತೂತಿದೆಯಾ? ನೋಡಿ ಹೇಳಿ.

ಮಂಜು: ಕ್ರಾಪ್ ಬಾಡೀಲಿ, ಅಂದ್ರೆ ಸೆನ್ಸರ್ ಸಣ್ಣದಿರೋ ಕ್ಯಾಮೆರಾದಲ್ಲಿ, ಆ 50 ಹೇಗೂ 75 ಆಗುತ್ತೆ, ಬಿಡಿ ಗುರು.

ಇರ್ಫಾನ್: 75 ಆಗಲ್ಲ. ಲೆನ್ಸ್ 50 ಆಗೇ ಇರುತ್ತೆ, ಸೆನ್ಸರ್ ಅಂಚು ಕತ್ತರಿಸುತ್ತೆ ಅಷ್ಟೇ.

ಮಂಜು: ಅದನ್ನೇ ಅಲ್ವಾ ನಾನೂ ಹೇಳಿದ್ದು! ಮತ್ತೆ ಕ್ರಾಪ್ ಬಾಡಿಗೇ ಅಂತ ಮಾಡೋ ಡಿಎಕ್ಸ್ ಲೆನ್ಸಲ್ಲಿ ಕಂಪನಿಯವರೇ ಗುಣಿಸಿ ಬರೆದಿರ್ತಾರೆ.

ಇರ್ಫಾನ್: ಇಲ್ಲ. ಡಿಎಕ್ಸ್ 55 ಕೂಡ ನಿಜವಾದ 55.

ಮಂಜು: ನಾಲ್ಕು ವರ್ಷದಿಂದ ಫೋಟೋ ತೆಗೀತಿದೀನಿ.

ಇರ್ಫಾನ್: ಹತ್ತು ವರ್ಷ ತೆಗೆದರೂ 55 ಬದಲಾಗಲ್ಲ.

ಸುಧೀರ್: ಇರ್ಫಾನ್ ಹೇಳಿದ್ದು ಸರಿ. ಸಾಕು.

ನವೀನ್: ಸರ್, ಗೀಟಿನ ಸೊನ್ನೆ ಪಕ್ಕ 58 ಇದೆ, ಅಂದ್ರೆ ಜೂಮ್ ಎಷ್ಟು?

ಸುಧೀರ್: ಫಿಲ್ಟರ್ ಅಳತೆ.

ವಸಂತ: ಫಾರ್ವರ್ಡ್ ಬಂದಿತ್ತು, ಚೇತನ್‌ಗೆ ಉಪಯೋಗ ಆಗಬಹುದು: "ಬಿಗಿಯಾದ ರಿಂಗ್‌ಗೆ ಎರಡು ಹನಿ ಎಣ್ಣೆ ಬಿಡಿ, ಗಾಜಿನ ಗೀರಿಗೆ ಟೂತ್‌ಪೇಸ್ಟ್ ಉಜ್ಜಿ. 100% ಫಲ."

ಸುಧೀರ್: ಯಾರೂ ಮಾಡಬೇಡಿ. ಎಣ್ಣೆ ಬಿಸಿಗೆ ಹರಿದು ಅಪರ್ಚರ್ ಎಲೆಗಳ ಮೇಲೆ ಹೋಗುತ್ತದೆ. ಎಲೆಗಳು ಒಂದಕ್ಕೊಂದು ಅಂಟಿ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ, ಫೋಟೋ ಬೆಳ್ಳಗೆ ಬರುತ್ತದೆ. ಟೂತ್‌ಪೇಸ್ಟ್ ಕೋಟಿಂಗನ್ನೇ ಕೆರೆಯುತ್ತದೆ. ಇಂಥ ಫಾರ್ವರ್ಡ್ ನಂಬಿ ಮಾಡಿಕೊಂಡವರ ಲೆನ್ಸ್ ಬಿಚ್ಚಿ ಬಿಚ್ಚಿ ನನಗೆ ಸಾಕಾಗಿದೆ.

ವಸಂತ: ಒಳ್ಳೇದಕ್ಕೆ ಹಾಕಿದ್ದು ಸರ್. ಇಷ್ಟು ಸಿಟ್ಟು ಬೇಕಾಗಿರಲಿಲ್ಲ.

ಸುಧೀರ್: ಅಳಿಸಿದರೆ ಸಿಟ್ಟಿಲ್ಲ.

ಪ್ರಿಯಾ: ಸರ್, ನನ್ನ ಪ್ರಶ್ನೆ??

ಮಂಜು: ಇಲ್ಲಿ ಕೆಲವರಿಗೆ ಮಾತ್ರ ಉತ್ತರ ಸಿಗುತ್ತೆ ಮೇಡಂ.

ಚೇತನ್: ಅಣ್ಣಾ, ನೋಡಿದೆ. ಅಂಕಿ ಒಂದೇ ಸಾಲು. ಕಿವೀಲಿ ತೂತಿಲ್ಲ, ಗಟ್ಟಿ ಇದೆ. ಲಿವರ್ ಅಲ್ಲಾಡ್ತಿದೆ, ಬೆರಳಲ್ಲಿ ಸರಿಸಿ ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೇ ಬರುತ್ತೆ.

ಸುಧೀರ್: ವಾಪಸ್ ಬರುತ್ತಿದ್ದರೆ ಬಚಾವ್, ಅದು ಸ್ಪ್ರಿಂಗ್ ಮೇಲೆ ಇರುವ ಲಿವರ್. ಆದರೆ ಒಂದೇ ಸಾಲು, ಗಟ್ಟಿ ಕಿವಿ ಅಂದ್ರೆ ಎಐ ಆಗಿಲ್ಲ. ಡಿ7200ಕ್ಕೆ ಹಾಕಬೇಡಿ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇರುವ ಗೆಳೆಯರಿದ್ದರೆ ಅಡಾಪ್ಟರ್ ಹಾಕಿ ನೋಡಿ, ಫೋಕಸ್ ಕೈಯಲ್ಲೇ ಮಾಡಬೇಕು.

ನವೀನ್: ಸರ್, 58 ಅಂದ್ರೆ 58 ಪಟ್ಟು ಜೂಮಾ?

ಇರ್ಫಾನ್: ಮೇಲೆ ಓದಿ ಮಾರಾಯ್ರೆ.